ಎರಡನೆಯ ಸಹಿ

ಬಂಡ್ರಿಯ ಎರ್ರಿಯಪ್ಪನಿಗೆ ಮನೆಯಲ್ಲಿ ಇರುವುದು ಒಬ್ಬಳೇ ಹೆಂಡತಿ, ಭರಮಮ್ಮ. ಕಾಗದದ ಮೇಲೆ ಮಾತ್ರ ಇನ್ನೂ ಒಂಬತ್ತು ಜನ ಇದ್ದಾರೆ. ಆ ಒಂಬತ್ತೂ ಜನರನ್ನು ಅವನಿಗೆ ಗಂಟು ಹಾಕಿದವಳು ಭರಮಮ್ಮನೇ. ನಗುವವರು ಈಗಲೇ ನಕ್ಕುಬಿಡಿ. ನಾನೂ ಮೊದಲು ಕೇಳಿದಾಗ ನಕ್ಕಿದ್ದೆ. ಪೂರ್ತಿ ಕೇಳಿದ ಮೇಲೆ, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ತ್ರಿವೇಣಿ, ಹೊಸಪೇಟೆಯಲ್ಲಿ ವಕೀಲೆ. ಭರಮಮ್ಮನ ಪರಿಚಯವಾದದ್ದು ಆಗಬಾರದ್ದೆಲ್ಲ ಆಗಿಹೋದ ಮೇಲೆ. ಇಲ್ಲಿ ಬರೆಯುತ್ತಿರುವ ಹೆಚ್ಚಿನದನ್ನು ಅವಳೇ ನನ್ನ ಆಫೀಸಿನ ಬೆಂಚಿನ ಮೇಲೆ ಕೂತು ಹೇಳಿದ್ದು. ಒಂದೇ ಸಲಕ್ಕೆ ಹೇಳಲಿಲ್ಲ, ಮೂರು ನಾಲ್ಕು ಸಲ ಬಂದು ಸ್ವಲ್ಪ ಸ್ವಲ್ಪ ಹೇಳಿದಳು.

ಅವಳು ಸಂಡೂರು ತಾಲೂಕಿನ ಬಂಡ್ರಿಯ ಆಶಾ ಕಾರ್ಯಕರ್ತೆ. ವಯಸ್ಸು ನಲವತ್ತೇಳು, ಓದಿದ್ದು ಎಂಟನೇ ಇಯತ್ತೆ. ಹದಿನಾರು ವರ್ಷದಿಂದ ಗುಲಾಬಿ ಸೀರೆ ಉಟ್ಟು, ಹೆಗಲಿಗೊಂದು ಚೀಲ ಹಾಕಿಕೊಂಡು ಬಸುರಿ ಬಾಣಂತಿಯರ ಮನೆ ತಿರುಗುತ್ತಿದ್ದಾಳೆ. ಯಾರಿಗೆ ಎಷ್ಟು ತಿಂಗಳು, ಯಾರ ಮೈಯಲ್ಲಿ ರಕ್ತ ಇಲ್ಲ, ಯಾರು ಕಬ್ಬಿಣದ ಗುಳಿಗೆಯನ್ನು ನುಂಗದೆ ಹಿತ್ತಲಿಗೆ ಎಸೆಯುತ್ತಾರೆ, ಎಲ್ಲವೂ ಅವಳಿಗೆ ಬಾಯಿಪಾಠ. ಊರ ಗಂಡಸರಿಗೆ ಅವಳು "ಪೋಲಿಯೋದಾಕಿ". ಹೆಂಗಸರಿಗೆ ಅಕ್ಕ. ಗಂಡನ ಮುಂದೆ ಬಾಯಿ ಬಿಡದ ಮಾತನ್ನು ಅವಳ ಮುಂದೆ ಬಿಡುತ್ತಿದ್ದರು. ಅಂಥ ಮಾತುಗಳಲ್ಲಿ ಒಂದು, ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತಿತ್ತು: "ಅಕ್ಕಾ, ಈ ಸಲದ್ದು ನನಗ ಬ್ಯಾಡ."

ಹಾಗೆ ಹೇಳಿದವರನ್ನು ಅವಳು ಹೊಸಪೇಟೆಯ ಒಂದು ದವಾಖಾನೆಗೆ ಕರೆದುಕೊಂಡು ಬರುತ್ತಿದ್ದಳು. ಅದರ ಹೆಸರು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವರು ತಾವೆಲ್ಲ ಸಾಚಾ ಎಂದು ಆರಾಮಾಗಿ ಕೂತುಬಿಡುತ್ತಾರೆ. ಅಲ್ಲಿ ಡಾಕ್ಟರು ನೋಡಿ ಆಗಬಹುದು ಅಂದ ಮೇಲೆ ಸಿಸ್ಟರು ಒಪ್ಪಿಗೆಯ ಫಾರಂ ಕೊಡುತ್ತಿದ್ದರು. ಅದರಲ್ಲಿ ಹೆಂಗಸಿನ ಸಹಿಗೆ ಒಂದು ಜಾಗ. ಅದರ ಕೆಳಗೆ ನೀಲಿ ಶಾಯಿಯ ರಬ್ಬರ್ ಸ್ಟಾಂಪು: "ಗಂಡನ ಒಪ್ಪಿಗೆ ಮತ್ತು ಸಹಿ". ಫಾರಂ ಅಚ್ಚಾಗಿದ್ದದ್ದು, ಈ ಸಾಲು ಮಾತ್ರ ಆಮೇಲೆ ಒತ್ತಿದ್ದು. ಇದು ಭರಮಮ್ಮನ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ರೇಷನ್ ಕಾರ್ಡಿನಿಂದ ಹಿಡಿದು ಜಾತಿ ಸರ್ಟಿಫಿಕೇಟಿನವರೆಗೆ, ಸ್ಟಾಂಪು ಬೀಳದ ಕಾಗದವನ್ನು ಯಾವ ಕಚೇರಿಯೂ ಮೂಸಿ ನೋಡದ್ದನ್ನು ಕಂಡವಳು ಅವಳು. ಅಚ್ಚಿನ ಅಕ್ಷರಕ್ಕಿಂತ ಒತ್ತಿದ ಅಕ್ಷರವೇ ದೊಡ್ಡ ಕಾನೂನು ಎಂದು ತಿಳಿದಿದ್ದಳು. ಹಾಗೆ ತಿಳಿದದ್ದಕ್ಕೆ ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಕೆಲವು ಗಂಡಂದಿರು ಬಂದು ಸಹಿ ಹಾಕುತ್ತಿದ್ದರು. ಕೆಲವರು ಬರುತ್ತಿರಲಿಲ್ಲ. ಕೆಲವರು ಎಲ್ಲಿದ್ದಾರೆಂದೇ ಗೊತ್ತಿರುತ್ತಿರಲಿಲ್ಲ. ಹೀಗೆ ಗಂಡ ನಾಪತ್ತೆಯಾಗಿದ್ದ ಒಬ್ಬ ಹುಡುಗಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ, ಭರಮಮ್ಮನಿಗೆ ತನ್ನ ಗಂಡ ನೆನಪಾದ. ಎರ್ರಿಯಪ್ಪ ಸಂಡೂರಿನ ಕಡೆ ಒಂದು ಗಣಿಯ ತೂಕದ ಕಟ್ಟೆಯಲ್ಲಿ ಕಾವಲಿಗಿದ್ದ. ದಿನಕ್ಕೆ ನೂರು ಲಾರಿ ಚೀಟಿಗೆ ಸಹಿ ಹಾಕುವವನು. ಮಾತು ಕಡಿಮೆ, ಹೆಂಡತಿ ಹೇಳಿದ್ದಕ್ಕೆ ಎದುರಾಡಿದವನಲ್ಲ.

"ಒಂದು ಸಹಿ ಹಾಕಿ ಬರ್ರಿ," ಎಂದು ಫೋನಿನಲ್ಲಿ ಕರೆಸಿಕೊಂಡಳು.

ಸಿಸ್ಟರು "ಗಂಡ ಯಾರು?" ಎಂದಾಗ ಎರ್ರಿಯಪ್ಪ ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಕೈ ಎತ್ತಿದನಂತೆ. ಸಹಿ ಹಾಕಿ ಹೊರಗೆ ಬಂದ ಮೇಲೆ ಆ ಹುಡುಗಿ "ಮಾವಾ" ಎಂದು ಅವನ ಕಾಲು ಮುಟ್ಟಿದಳು. ಆಮೇಲೆ ಅದು ರೂಢಿಯಾಯಿತು. ಆರು ವರ್ಷದಲ್ಲಿ ಒಂಬತ್ತು ಜನ. ಆಧಾರ್ ಕಾರ್ಡು ಕೇಳಿದರೆ ಮರೆತು ಬಂದೆವು ಅನ್ನುವುದು, ಗಂಡನ ಹೆಸರಿನ ಜಾಗದಲ್ಲಿ ಎರ್ರಿಯಪ್ಪ ಎಂದು ಬರೆಸುವುದು. ಬಸ್ಸಿನಲ್ಲಿ ವಾಪಸು ಬರುವಾಗ ಭರಮಮ್ಮ, "ನಮ್ಮ ಮನಿಯವಂಗ ಹೆಂಡ್ರು ಜಾಸ್ತಿ ಆದ್ರು, ನನಗ ಜಾಗ ಸಾಲವಲ್ದು," ಎಂದು ನಗಿಸುತ್ತಿದ್ದಳು. ಒಬ್ಬನೇ ಮನುಷ್ಯ ಒಂಬತ್ತು ಹೆಂಡಿರಿಗೆ ಸಹಿ ಹಾಕಿದ್ದನ್ನು ಆ ದವಾಖಾನೆಯಲ್ಲಿ ಒಬ್ಬರೂ ಗಮನಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಗಂಡಸಿನ ಸಹಿ. ಯಾವ ಗಂಡಸು ಎಂಬುದು ಯಾರಿಗೆ ಬೇಕಿತ್ತು.

ಸಿಕ್ಕಿಬಿದ್ದದ್ದು ಒಂಬತ್ತನೆಯದರಲ್ಲಿ. ಜಡೆಪ್ಪ ಎಂಬವನು ಹೆಂಡತಿಯ ಟ್ರಂಕಿನಲ್ಲಿ ಏನೋ ಹುಡುಕುತ್ತಿದ್ದಾಗ ದವಾಖಾನೆಯ ಚೀಟಿ ಸಿಕ್ಕಿತು. ಗಂಡನ ಹೆಸರು ಎರ್ರಿಯಪ್ಪ ಎಂದಿತ್ತು. ಅವನು ಚೀಟಿ ಹಿಡಿದುಕೊಂಡು ನೇರ ಊರ ಪಂಚಾಯ್ತಿ ಕಟ್ಟೆಗೆ ಹೋಗಿ ಬಾಯಿ ಬಡಿದುಕೊಂಡ. ಹಿರಿಯರು ಕೂತರು. ಕೂತವರೆಲ್ಲ ಗಂಡಸರು, ಬೇರೆ ಹೇಳಬೇಕಿಲ್ಲ. ಅವಳು ಯಾಕೆ ತೆಗೆಸಿದಳು ಎಂದು ಒಬ್ಬರೂ ಕೇಳಲಿಲ್ಲ. ಇನ್ನೊಬ್ಬರ ಹೆಂಡತಿಗೆ ಇವನು ಗಂಡ ಅಂತ ಹೇಗೆ ಬರೆದ ಎಂಬುದೇ ಎಲ್ಲರ ಸಂಕಟ. ಜಡೆಪ್ಪ ಎಲ್ಲರೆದುರು ಎರ್ರಿಯಪ್ಪನ ಕಪಾಳಕ್ಕೆ ಹೊಡೆದ. ಜಡೆಪ್ಪನ ಹೆಂಡತಿಯನ್ನು ತವರಿಗೆ ಅಟ್ಟಿದರು. ಎರ್ರಿಯಪ್ಪನನ್ನು ಊರಮ್ಮನ ಗುಡಿಯ ಮುಂದೆ ನಿಲ್ಲಿಸಿ, ಅಮ್ಮನ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ಮಾಡಿಸಿದರು: ಇನ್ನು ಯಾರ ಹೆಂಡತಿಗೂ ಸಹಿ ಹಾಕುವುದಿಲ್ಲ. ಹಾಕಿದರೆ ನನ್ನ ವಂಶ ಉಳಿಯದಿರಲಿ.

ಸುಂಕಲಮ್ಮ ಬಂದದ್ದು ಇದಾಗಿ ಮೂರು ತಿಂಗಳಿಗೆ.

ಅವಳಿಗೆ ಇಪ್ಪತ್ತೇಳು ವರ್ಷ. ತವರು ಕಂಪ್ಲಿ ಕಡೆ. ಮೆಣಸಿನಕಾಯಿ ಬಿಡಿಸುವುದಕ್ಕೆ, ಮೆಕ್ಕೆಜೋಳ ಮುರಿಯುವುದಕ್ಕೆ ಕೂಲಿ ಹೋಗುವವಳು. ಮೂರು ಹೆಣ್ಣುಮಕ್ಕಳು. ಮೂರನೆಯ ಹೆರಿಗೆಯಲ್ಲಿ ರಕ್ತ ಹರಿದು ಹರಿದು, ಎರಡು ಬಾಟಲಿ ರಕ್ತ ಏರಿಸಿ ಉಳಿಸಿದ್ದರು. ಇನ್ನೊಂದು ಬಸುರು ತಡೆಯುವ ಮೈ ಅಲ್ಲ ಇದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಪರೇಷನ್ ಮಾಡಿಸಲು ಗಂಡ ಗಾದಿಲಿಂಗ ಬಿಡಲಿಲ್ಲ. ಅವನಿಗೆ ಒಂದು ಗಂಡು ಬೇಕಿತ್ತು. ಅದಿರಿನ ಲಾರಿ ಓಡಿಸುತ್ತಾನೆ. ಕುಡಿಯುವುದಿಲ್ಲ, ಹೆಂಡತಿಯನ್ನು ಹೊಡೆಯುವುದಿಲ್ಲ, ಭಾಳ ಒಳ್ಳೆಯವನು ಎಂದು ಊರೆಲ್ಲ ಹೇಳುತ್ತದೆ. ನಮ್ಮ ಕಡೆ ಗಂಡಸು ಒಳ್ಳೆಯವನಾಗುವುದು ಎಷ್ಟು ಸುಲಭ ನೋಡಿ, ಎರಡು ಕೆಲಸ ಮಾಡದೆ ಇದ್ದರೆ ಸಾಕು.

ಸುಂಕಲಮ್ಮನಿಗೆ ಸಹಿ ಹಾಕಲು ಕಲಿಸಿದವಳೂ ಭರಮಮ್ಮನೇ. ಮಹಿಳಾ ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ನಾಚಿಕೆಯಾಗಿ, "ಅಕ್ಕಾ, ನನ್ನ ಹೆಸರು ನನಗ ಬರಿಯಾಕ ಬರಬೇಕು," ಎಂದು ಹಟ ಹಿಡಿದಿದ್ದಳು. ಒಲೆಯ ಮುಂದೆ ಕೂತು, ಇದ್ದಿಲಿನಿಂದ ನೆಲದ ಮೇಲೆ ತಿದ್ದಿ ತಿದ್ದಿ, ಒಂದು ತಿಂಗಳಲ್ಲಿ ಕಲಿತಳು. ಅವಳಷ್ಟು ನಿಧಾನವಾಗಿ ಕಲಿತವರೂ ಇಲ್ಲ, ಅವಳಷ್ಟು ಖುಷಿಪಟ್ಟವರೂ ಇಲ್ಲ ಎಂದು ಭರಮಮ್ಮ ಹೇಳುತ್ತಾಳೆ.

ಗಾದಿಲಿಂಗ ಲಾರಿಯ ಮೇಲೆ ಹೋಗಿದ್ದ ದಿನ ನೋಡಿಕೊಂಡು ಇಬ್ಬರೂ ಹೊಸಪೇಟೆಗೆ ಬಂದರು. ಎಂಟು ವಾರವಾಗಿತ್ತು. ಡಾಕ್ಟರು ಹಳೆಯ ಚೀಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ತೆಗೆಸುವುದೇ ಒಳ್ಳೆಯದು ಅಂದರು. ಸಿಸ್ಟರು ಫಾರಂ ಕೊಟ್ಟರು. ಸುಂಕಲಮ್ಮ ಅಚ್ಚಿನ ಸಾಲಿನ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಬರೆದು, ಸರಿಯಾಯಿತೇ ಎಂದು ಭರಮಮ್ಮನ ಮುಖ ನೋಡಿದಳು.

"ಗಂಡ ಎಲ್ಲಿ?" ಎಂದರು ಸಿಸ್ಟರು.

"ಲಾರಿ ಮ್ಯಾಲ ಹೋಗ್ಯಾನ್ರಿ."

"ಬಂದ ಮ್ಯಾಲ ಕರ್ಕೊಂಡು ಬರ್ರಿ. ಎರಡನೇ ಸಹಿ ಇಲ್ದ ನಾವು ಮುಟ್ಟಂಗಿಲ್ಲ."

ಫಾರಂ ಮನೆಗೆ ಒಯ್ದರೆ ಅತ್ತೆಯ ಕೈಗೆ ಸಿಕ್ಕೀತೆಂದು ಸುಂಕಲಮ್ಮ ಅದನ್ನು ಭರಮಮ್ಮನ ಚೀಲದಲ್ಲೇ ಇಟ್ಟಳು. ಭರಮಮ್ಮ ಮನೆಗೆ ಹೋದವಳೇ ಗಂಡನ ಮುಂದೆ ಕೂತಳು.

"ಇದೊಂದ ಸಲ ಬರ್ರಿ."

"ಭಂಡಾರ ಮುಟ್ಟೀನಿ ಭರಮಿ. ಒಂಬತ್ತು ಸಲ ನೀ ಹೇಳಿದಂಗ ಕೇಳೀನಿ. ಇದು ನನ್ನ ಕೈಲಿ ಆಗಂಗಿಲ್ಲ."

"ಆಕಿ ಸಾಯ್ತಾಳ್ರಿ."

"ಆಣಿ ಮುರದ್ರ ನಮ್ಮ ಮನ್ಯಾಗ ಯಾರು ಸಾಯ್ತಾರೋ ಯಾರಿಗ್ಗೊತ್ತು? ರಮಾ ಬಸುರಿ ಅದಾಳ."

ರಮಾ ಅವರ ಒಬ್ಬಳೇ ಮಗಳು, ದರೋಜಿಗೆ ಕೊಟ್ಟಿದ್ದರು. ಆಗ ಅವಳಿಗೆ ಏಳು ತಿಂಗಳು. ಮಗಳ ಹೆಸರು ಬಂದ ಮೇಲೆ ಭರಮಮ್ಮ ಫಾರಂ ಮತ್ತೆ ಚೀಲಕ್ಕೆ ಹಾಕಿದಳು. ಹದಿನಾರು ವರ್ಷ ಊರಿನವರಿಗೆ ಮೂಢನಂಬಿಕೆ ಬಿಡಿ ಎಂದು ಹೇಳಿಕೊಂಡು ತಿರುಗಿದವಳು, ಆ ಆಣೆಗೆ ಹೆದರಿದಳು. ಇದನ್ನು ಅವಳು ನನ್ನಿಂದ ಮುಚ್ಚಿಡಲಿಲ್ಲ. "ನಾನೂ ಅಂಜಿದ್ನಿರಿ. ಅವ್ರ ಮ್ಯಾಲ ಹಾಕಿ ನಾನು ತಪ್ಪಿಸ್ಕೊಳ್ಳಂಗಿಲ್ಲ," ಎಂದಳು.

ಮರುದಿನ ನಲ್ಲಿಯ ಹತ್ತಿರ ಸುಂಕಲಮ್ಮ ಸಿಕ್ಕಳು. ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ಭರಮಮ್ಮನಿಗೆ ಆಣೆಯ ವಿಷಯ, ರಮಾಳ ವಿಷಯ ಹೇಳಲು ನಾಲಗೆ ಏಳಲಿಲ್ಲ. ಸುಲಭದ ಮಾತೊಂದು ಬಾಯಿಗೆ ಬಂತು.

"ಕಾನೂನು ಹಂಗೈತವ್ವ. ಗಂಡನ ಸಹಿ ಇಲ್ದ ಆಗಂಗಿಲ್ಲ. ಗಾದಿಲಿಂಗನ್ನ ಹೆಂಗರ ಮಾಡಿ ಒಪ್ಪಿಸು."

"ಕಾನೂನು ಅಂದ ಮ್ಯಾಲ ಏನು ಮಾಡಾಕ ಬರ್ತೈತಿ ಬಿಡಕ್ಕ," ಎಂದು ಸುಂಕಲಮ್ಮ ಕೊಡ ಎತ್ತಿಕೊಂಡು ಹೋದಳು.

ಗಂಡನನ್ನು ಕೇಳಿದಳು. ದೇವರು ಕೊಟ್ಟಿದ್ದು, ಈ ಸಲ ಗಂಡೇ, ಸುಮ್ಮನಿರು ಎಂದ. ಇನ್ನೊಮ್ಮೆ ಕೇಳಿದಳು. ಅವನು ಪ್ರೀತಿಯಿಂದಲೇ ಒಂದು ಕಿಲೋ ದಾಳಿಂಬೆ ತಂದುಕೊಟ್ಟ, ರಕ್ತ ಆಗಲಿ ಎಂದು. ಹೀಗೆ ಮೂರು ವಾರ ಕಳೆಯಿತು. ಆಮೇಲೆ ತಾಯಿಯನ್ನು ನೋಡಿ ಬರುತ್ತೇನೆಂದು ಕಂಪ್ಲಿಗೆ ಹೋದಳು. ಅಲ್ಲಿ ಯಾರ ಹತ್ತಿರ ಹೋದಳು, ಅವರು ಏನು ಮಾಡಿದರು ಎಂಬುದನ್ನು ಇವತ್ತಿಗೂ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಮೂರನೆಯ ದಿನ ಮಧ್ಯಾಹ್ನ ದವಾಖಾನೆಗೆ ಒಯ್ಯುವಾಗ ಆಟೋದಲ್ಲಿ, ತಾಯಿಯ ತೊಡೆಯ ಮೇಲೆ ಸತ್ತಳು.

ಮಣ್ಣು ಮಾಡುವ ಹೊತ್ತಿಗೆ ಹೋದ ಭರಮಮ್ಮನನ್ನು ಆ ತಾಯಿ ತಬ್ಬಿಕೊಂಡು ಅತ್ತಳಂತೆ. ಮಗಳು ಹೊಟ್ಟೆ ಹಿಡಿದುಕೊಂಡು ಒದ್ದಾಡುವಾಗ ಭರಮಮ್ಮನಿಗೆ ಫೋನು ಮಾಡಲೇನು ಎಂದು ತಾಯಿ ಕೇಳಿದ್ದಳು. ಸುಂಕಲಮ್ಮ ಬೇಡ ಅಂದಳಂತೆ. "ಅಕ್ಕಗ ಹೇಳಬ್ಯಾಡಬೇ. ಕಾನೂನು ಮೀರಿ ಮಾಡೀನಿ ಅಂತ ಬೈತಾಳ."

ಈ ಒಂದು ಮಾತು ಹೇಳಲು ಭರಮಮ್ಮನಿಗೆ ನನ್ನ ಆಫೀಸಿನಲ್ಲಿ ಎರಡು ಭೇಟಿ ಬೇಕಾದವು.

ರಮಾಳಿಗೆ ಸುಸೂತ್ರವಾಗಿ ಹೆರಿಗೆಯಾಯಿತು, ಹೆಣ್ಣುಮಗು. ಭರಮಮ್ಮ ಬಾಣಂತನ ಮಾಡಿದಳು, ಎಣ್ಣೆ ನೀರು ಎರೆದಳು. ಮೊಮ್ಮಗಳನ್ನು ಎತ್ತಿಕೊಂಡು ಆಡಿಸಿದ್ದನ್ನು ಮಾತ್ರ ಯಾರೂ ಕಾಣಲಿಲ್ಲ.

ಮರುವರ್ಷ ಹೊಸಪೇಟೆಯ ಒಂದು ಸಭಾಂಗಣದಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಇತ್ತು. ಕಾನೂನು ಹೇಳಲು ನನ್ನನ್ನು ಕರೆದಿದ್ದರು. ಮಧ್ಯಾಹ್ನ ಊಟವಾದ ಮೇಲಿನ ಹೊತ್ತು, ನಲವತ್ತು ಜನ ಗುಲಾಬಿ ಸೀರೆಯವರು, ಅರ್ಧ ಜನ ತೂಕಡಿಸುತ್ತಿದ್ದರು. ನಾನೂ ಯಾಂತ್ರಿಕವಾಗಿ ಹೇಳಿಕೊಂಡು ಹೋಗುತ್ತಿದ್ದೆ. "ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಗರ್ಭಪಾತಕ್ಕೆ ಡಾಕ್ಟರ ಅಭಿಪ್ರಾಯ ಒಂದು, ಅವಳ ಒಪ್ಪಿಗೆ ಒಂದು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ," ಎಂದು ಹೇಳಿ, ಮುಂದೆ ಇಪ್ಪತ್ತು ವಾರ ದಾಟಿದ ಬಸುರಿನ ವಿಷಯಕ್ಕೆ ಹೋಗಿದ್ದೆ.

"ಒಂದೀಟು ನಿಲ್ರಿ ಮೇಡಂ."

ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಿದ್ದಳು.

"ಗಂಡಂದು ಬ್ಯಾಡೇನ್ರಿ?"

"ಬೇಡಮ್ಮ."

"ಯಾವಾಗ ತಗದಾರ್ರಿ ಅದನ್ನ?"

"ತೆಗೆದದ್ದಲ್ಲ. ಅದು ಯಾವತ್ತೂ ಇರಲೇ ಇಲ್ಲ. ಸಾವಿರದ ಒಂಬೈನೂರ ಎಪ್ಪತ್ತೊಂದರ ಕಾನೂನು ಇದು."

"ಅಂದ್ರ ನಾನು ಹುಟ್ಟಾಕಿಂತ ಮೊದ್ಲ."

ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ಚೀಲದ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾಗದ ತೆಗೆದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಅದೇ ಫಾರಂ. ಅಚ್ಚಿನ ಸಾಲಿನ ಮೇಲೆ ಸುಂಕಲಮ್ಮ ಎಂಬ ಹೆಸರು, ಅಕ್ಷರಗಳು ಬರುಬರುತ್ತ ಕೆಳಗೆ ಜಾರಿದ್ದವು. ಅದರಡಿ ನೀಲಿ ಸ್ಟಾಂಪು, ಸ್ಟಾಂಪಿನ ಮುಂದೆ ಖಾಲಿ ಜಾಗ.

"ಇದೊಂದ ಸಹಿ ಇದ್ರ ನಡೀತಿತ್ತೇನ್ರಿ?"

ವಕೀಲರಿಗೆ ತಪ್ಪಿಸಿಕೊಳ್ಳುವ ಉತ್ತರಗಳು ಬೇಕಾದಷ್ಟು ಗೊತ್ತಿರುತ್ತವೆ. ಆ ಮುಖದ ಮುಂದೆ ಒಂದೂ ನೆನಪಾಗಲಿಲ್ಲ.

"ನಡೀತಿತ್ತು," ಎಂದೆ.

ಅವಳು ಕಾಗದ ಮಡಚಿ ಒಳಗಿಟ್ಟುಕೊಂಡು, ಪಾಯಖಾನೆ ಎಲ್ಲಿದೆ ಎಂದು ಕೇಳಿ ಹೊರಗೆ ಹೋದಳು. ಮುಕ್ಕಾಲು ಗಂಟೆ ಬರಲಿಲ್ಲ. ನಾನು ಇಪ್ಪತ್ತು ವಾರದ ವಿಷಯ ಮುಂದುವರಿಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಮುಂದುವರಿಸಿದ್ದು ನಿಜ.

ನಾಚಿಕೆ ಅದೊಂದಕ್ಕೇ ಅಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಇಂಥದೇ ಒಂದು ಫಾರಂ ತುಂಬಿದ್ದೆ, ಇದೇ ಊರಿನಲ್ಲಿ. ಅದರಲ್ಲೂ ಗಂಡನ ಸಹಿ ಕೇಳಿದರು. ಅದು ಬೇಕಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ಗಂಡ ಬಸವಕುಮಾರ್ ಪಕ್ಕದಲ್ಲೇ ಕೂತಿದ್ದರು, ಕಂಪ್ಲಿಯ ರೈಸ್ ಮಿಲ್ಲಿಗೆ ಹೋಗುವ ಅವಸರದಲ್ಲಿದ್ದರು. ಪೆನ್ನು ತೆಗೆದು ಗೀಚಿದರು, ಎರಡು ನಿಮಿಷದ ಕೆಲಸ. ಇಷ್ಟಕ್ಕೆಲ್ಲ ಜಗಳ ಯಾಕೆ ಎಂದು ನಾನು ಸುಮ್ಮನಾದೆ. ಸಹಿ ಹಾಕುವ ಗಂಡ ಸಿಕ್ಕ ನನ್ನಂಥವರೆಲ್ಲ ಹೀಗೆ ಸುಮ್ಮನಾಗಿ, ಆ ಸ್ಟಾಂಪನ್ನು ಅಲ್ಲೇ ಉಳಿಸಿದೆವು. ಕಾನೂನು ಗೊತ್ತಿದ್ದವಳು ನಾನು. ಭರಮಮ್ಮ ಕನಿಷ್ಠ ಒಂಬತ್ತು ಜನರನ್ನು ದಾಟಿಸಿದಳು, ಗೊತ್ತಿಲ್ಲದೆಯೇ.

ಆ ದಿನ ಸಂಜೆ ಅವಳು ಗಂಡನಿಗೆ ಹೇಳಿದಳು. ಎರ್ರಿಯಪ್ಪ ಬೆರಳು ಮಡಚಿ ಎಣಿಸಿದನಂತೆ.

"ಹಂಗಾರ ನನ್ನವು ಒಂಬತ್ತೂ ಬೇಕಾಗಿದ್ದಿಲ್ಲೇನು?"

"ಒಂದೂ ಬೇಕಾಗಿದ್ದಿಲ್ಲ."

"ಮತ್ತ ಹತ್ತನೇದಕ ನಾ ಒಲ್ಲೆ ಅಂದದ್ದು?"

ಅವನು ಮೂರು ದಿನ ಕೆಲಸಕ್ಕೆ ಹೋಗಲಿಲ್ಲ.

ನಾವು ಮೇಲಿನವರಿಗೆ ದೂರು ಬರೆದೆವು. ಫಾರಂನ ನಕಲು ಲಗತ್ತಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಒಮ್ಮೆ ಬೇರೊಬ್ಬ ಹೆಂಗಸಿನ ಜೊತೆ ನಾನೇ ಆ ದವಾಖಾನೆಗೆ ಹೋಗಿ ಕಾನೂನಿನ ಪುಸ್ತಕ ಮೇಜಿನ ಮೇಲಿಟ್ಟೆ. ಸಿಸ್ಟರು ಮುಖ ಗಂಟಿಕ್ಕಿಕೊಂಡು ಸ್ಟಾಂಪನ್ನು ಡ್ರಾಯರಿಗೆ ಹಾಕಿದರು, ಕೆಲಸ ಆಯಿತು. ನಾನು ಹೋಗದ ದಿನ ಆ ಸ್ಟಾಂಪು ಎಲ್ಲಿರುತ್ತದೆ ಎಂದು ನನಗೆ ಗೊತ್ತಿಲ್ಲ. ಭರಮಮ್ಮ ಮಾತ್ರ ಈಗ ಬಸುರಿಯರಿಗೆಲ್ಲ ಸುಂಕಲಮ್ಮನ ಕಾಗದ ತೋರಿಸಿ ಹೇಳುತ್ತಾಳೆ, ಇಷ್ಟೇ ಸಾಕು ಎಂದು. ಹೇಳುವಾಗ ಅವಳ ದನಿ ಗಟ್ಟಿ ಇರುವುದಿಲ್ಲ. ಕೆಲವರು ನಂಬುತ್ತಾರೆ. ಕೆಲವರು, ಮೊದ್ಲ ಬ್ಯಾರೆ ಹೇಳ್ತಿದ್ದೆಲ್ಲಾ ಅಕ್ಕಾ, ಅನ್ನುತ್ತಾರೆ.

ಕಳೆದ ತಿಂಗಳು ಕೊನೆಯ ಸಲ ನನ್ನ ಆಫೀಸಿಗೆ ಬಂದಿದ್ದಳು. ಆ ಮೂರು ಹೆಣ್ಣುಮಕ್ಕಳಿಗಾದರೂ ಪರಿಹಾರ ಸಿಗುವಂತೆ ದವಾಖಾನೆಯ ಮೇಲೆ ಕೇಸು ಹಾಕಬೇಕು ಎಂದಳು. ಎಲ್ಲ ಯೋಚಿಸಿಕೊಂಡು ಬಂದಿದ್ದಳು. ತಾನು ಸಾಕ್ಷಿ ಹೇಳುತ್ತೇನೆ, ಎರ್ರಿಯಪ್ಪನೂ ಒಂಬತ್ತು ಸಹಿ ಒಪ್ಪಿಕೊಳ್ಳುತ್ತಾನೆ, ಜೈಲಿಗೆ ಹಾಕಿದರೂ ಚಿಂತೆಯಿಲ್ಲ. ಫಾರಂ ತೆಗೆದು ಮೇಜಿನ ಮೇಲೆ ಹರವಿದಳು.

"ಎಲ್ಲಿ ಸಹಿ ಹಾಕ್ಲಿ ಹೇಳ್ರಿ," ಎಂದು ಪೆನ್ನು ಹಿಡಿದಳು.

ನಾನು ಹೇಳಲೇಬೇಕಾಯಿತು. ಪರಿಹಾರ ಕೇಳಬೇಕಾದವರು ಸತ್ತವಳ ವಾರಸುದಾರರು. ಮಕ್ಕಳಿಗೆ ವಯಸ್ಸು ತುಂಬಿಲ್ಲ, ಅವರ ಪರವಾಗಿ ಸಹಿ ಹಾಕಬೇಕಾದವನು ತಂದೆ. ತಂದೆ ಬದುಕಿರುವಾಗ ಬೇರೆಯವರು ಹಾಕಬೇಕೆಂದರೆ ಅದಕ್ಕೆ ಕೋರ್ಟಿನ ಅಪ್ಪಣೆ, ವರ್ಷಗಟ್ಟಲೆ ಅಲೆದಾಟ.

ಭರಮಮ್ಮ ಪೆನ್ನಿನ ಕ್ಯಾಪು ಹಾಕಿದಳು.

"ಗಾದಿಲಿಂಗಂದ ಬೇಕೇನ್ರಿ?"

"ಹೌದು."

"ಈ ಸಲ ಖರೇನ್ರಿ ಮೇಡಂ? ಕಾನೂನಿನಾಗ ಐತೋ, ಇಲ್ಲಾ ಇದನ್ನೂ ಯಾರರ ಒತ್ಯಾರೋ?"

"ಕಾನೂನಿನಲ್ಲೇ ಇದೆ," ಎಂದೆ. ಇಪ್ಪತ್ತೆರಡು ವರ್ಷದ ವಕೀಲಿಕೆಯಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವ ನಿಜವನ್ನೂ ಹೇಳಿರಲಿಲ್ಲ.

ಅವಳು ಫಾರಂ ಮಡಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಲದ ತಳಕ್ಕೆ ಸೇರಿಸಿದಳು.

"ಅವ ಹಾಕಂಗಿಲ್ರಿ," ಎಂದಳು. ಸಂಡೂರು ಬಸ್ಸಿಗೆ ಹೊತ್ತಾಗಿತ್ತು. ಎದ್ದು ಹೋದಳು.